ಎವರೆಸ್ಟಿನ ಬುಡದಲ್ಲಿ ಯಾರಿದ್ದಾರೆ?



ಇಂದು ನಾನು ಬರೆಯಹೊರಟಿರುವುದು ಒಂದು ತಪ್ಪೊಪ್ಪಿಗೆಯೂ ಹೌದು, ಒಂದು ಪಾಠವೂ ಹೌದು. 1986ರ ಮಳೆಗಾಲ. ಘಟ್ಟದ ಮೇಲಿನ ನಮ್ಮ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಭೂಗೋಳ ಹೇಳುತ್ತಿದ್ದೆ. ಹಿಮಾಲಯದ ಪಾಠ. ಗೋಡೆಯ ಮೇಲೆ ಬಟ್ಟೆಯ ಭೂಪಟ, ಕೈಯಲ್ಲಿ ಬೆತ್ತ, ಹಂಚಿನ ಮೇಲೆ ಸುರಿಯುವ ಮಳೆಯ ಸದ್ದಿಗೆ ನನ್ನ ಕಂಠವನ್ನೂ ಎತ್ತರಿಸಬೇಕಾಗಿತ್ತು. ಎವರೆಸ್ಟಿನ ಎತ್ತರ 8,848 ಮೀಟರ್, ಮೊದಲು ಹತ್ತಿದವರು ಹಿಲರಿ ಮತ್ತು ತೇನ್‌ಸಿಂಗ್, 1953ರ ಮೇ 29 ಎಂದು ಬರೆಸಿದೆ. ಆಗ ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಆ ಬೆಟ್ಟದ ಬುಡದಲ್ಲಿ ಯಾರಿದ್ದಾರೆ?” ಎಂದು ಕೇಳಿದಳು.

“ಯಾರೂ ಇಲ್ಲಮ್ಮ, ಬರೀ ಹಿಮ. ಕೂತ್ಕೋ” ಎಂದೆ.

ಆ ಉತ್ತರ ಸುಳ್ಳೆಂಬುದು ನನಗೆ ಪೂರ್ತಿಯಾಗಿ ಮನವರಿಕೆಯಾಗಲು ಮೂವತ್ತೆರಡು ವರ್ಷಗಳು ಬೇಕಾದವು. ನಿವೃತ್ತನಾದ ಮರುವರ್ಷ, 2018ರ ನವೆಂಬರಿನಲ್ಲಿ, ಅಳಿಯನ ಜೊತೆ ನೇಪಾಳಕ್ಕೆ ಹೋಗಿ ಆ ಬುಡದ ಊರುಗಳಲ್ಲಿ ಎಂಟು ದಿನ ನಡೆದಾಡಿ ಬಂದೆ. ಅಂದಿನಿಂದ ಆ ಸೀಮೆಯ ಇತಿಹಾಸವನ್ನು ಸಾಧ್ಯವಾದಷ್ಟು ಓದುತ್ತಲೂ ಇದ್ದೇನೆ. ಆ ಹುಡುಗಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ದೂರದಿಂದ ಅಳೆದವರು

ನನ್ನ ತಪ್ಪು ನನ್ನೊಬ್ಬನದೇ ಅಲ್ಲ, ಅದಕ್ಕೊಂದು ಪರಂಪರೆಯಿದೆ. ಎವರೆಸ್ಟನ್ನು ಅಳೆದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಗೆ ನಮ್ಮ ನೆಲದ ನಂಟೂ ಉಂಟು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ದೇಶವನ್ನು ತ್ರಿಕೋನಗಳಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟನು. 1800ರಲ್ಲಿ ಬೆಂಗಳೂರಿನ ಬಳಿ ಪ್ರಾಯೋಗಿಕವಾಗಿ ಒಂದು ಆಧಾರರೇಖೆಯನ್ನು ಅಳೆದು, 1802ರಲ್ಲಿ ಮದರಾಸಿನಲ್ಲಿ ಕಾರ್ಯವನ್ನು ವಿಧಿವತ್ತಾಗಿ ಆರಂಭಿಸಿದನು. ಅವನ ನಂತರ ಅದನ್ನು ಮುನ್ನಡೆಸಿದವನು ಜಾರ್ಜ್ ಎವರೆಸ್ಟ್. ಅಳತೆಯ ಸರಪಳಿ ಹಿಮಾಲಯದ ತಪ್ಪಲನ್ನು ಮುಟ್ಟುವ ಹೊತ್ತಿಗೆ ಅರ್ಧ ಶತಮಾನವೇ ಕಳೆದಿತ್ತು.

ನೇಪಾಳ ಆಗ ವಿದೇಶೀಯರಿಗೆ ಮುಚ್ಚಿದ ದೇಶ. ಹಾಗಾಗಿ ಸರ್ವೇಯವರು ಬಿಹಾರದ ಬಯಲಿನಲ್ಲಿ ನಿಂತು, ನೂರಾರು ಕಿಲೋಮೀಟರು ದೂರದಿಂದ ದುರ್ಬೀನು ಹಿಡಿದು ಆ ಶಿಖರವನ್ನು ಅಳೆದರು. ಕಾಗದದಲ್ಲಿ ಅದರ ಹೆಸರು ‘ಹದಿನೈದನೆಯ ಶಿಖರ’. ಲೆಕ್ಕಾಚಾರದಲ್ಲಿ ಬಂಗಾಳದ ರಾಧಾನಾಥ ಸಿಕ್ದಾರರ ಪಾತ್ರ ಹಿರಿದು. 1856ರಲ್ಲಿ 29,002 ಅಡಿ ಎಂಬ ಎತ್ತರ ಪ್ರಕಟವಾಯಿತು. ನಿವೃತ್ತನಾಗಿದ್ದ ಎವರೆಸ್ಟನ ಹೆಸರನ್ನೇ ಶಿಖರಕ್ಕಿಟ್ಟರು. ಅದಕ್ಕೆ ಚೋಮೋಲುಂಗ್ಮಾ ಎಂಬ ಹಳೆಯ ಹೆಸರಿತ್ತು. ಇಂದು ನೇಪಾಳದಲ್ಲಿ ಬಳಕೆಯಲ್ಲಿರುವ ‘ಸಗರಮಾಥಾ’ ಎಂಬುದು ಇತಿಹಾಸಕಾರ ಬಾಬುರಾಮ್ ಆಚಾರ್ಯರು ಇಪ್ಪತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದ ಹೆಸರು.

ದುರ್ಬೀನಿಗೆ ಶಿಖರ ಕಂಡಿತು. ಬುಡದ ಮನೆಗಳು ಕಾಣಲಿಲ್ಲ. ನನ್ನ ಪಾಠವೂ ಆ ದುರ್ಬೀನಿನ ಪಾಠವೇ ಆಗಿತ್ತು.

ನೆಲದ ಸ್ವರೂಪ

ಈಗ ಹತ್ತಿರ ಹೋಗೋಣ. ಎವರೆಸ್ಟಿನ ದಕ್ಷಿಣದ ಮಗ್ಗುಲು ನೇಪಾಳದ ಕೋಶಿ ಪ್ರಾಂತ್ಯದ ಸೋಲುಖುಂಬು ಜಿಲ್ಲೆಯಲ್ಲಿದೆ. 2015ರ ಸಂವಿಧಾನದಂತೆ ನೇಪಾಳವು 2017ರಲ್ಲಿ ತನ್ನ ಹಳೆಯ ಗ್ರಾಮಸಮಿತಿಗಳನ್ನು ಕೂಡಿಸಿ 753 ಸ್ಥಳೀಯ ಸರ್ಕಾರಗಳನ್ನು ರಚಿಸಿತು. ಅವುಗಳಲ್ಲಿ 460 ‘ಗಾಂವ್‌ಪಾಲಿಕಾ’ಗಳು, ಅಂದರೆ ಗ್ರಾಮಪಾಲಿಕೆಗಳು. ನಮ್ಮ ಗ್ರಾಮ ಪಂಚಾಯಿತಿಗಿಂತ ಅಧಿಕಾರದಲ್ಲಿಯೂ ವಿಸ್ತಾರದಲ್ಲಿಯೂ ಬಹಳ ದೊಡ್ಡವು. ಚೌರಿಖರ್ಕಾ, ನಾಮ್ಚೆ, ಖುಮ್‌ಜುಂಗ್ ಎಂಬ ಮೂರು ಹಳೆಯ ಸಮಿತಿಗಳು ಸೇರಿ ಆದದ್ದೇ ‘ಖುಂಬು ಪಾಸಂಗ್ ಲ್ಹಾಮು’ ಗ್ರಾಮಪಾಲಿಕೆ. ವಿಸ್ತೀರ್ಣ ಒಂದೂವರೆ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಜನಸಂಖ್ಯೆ ಸುಮಾರು ಒಂಬತ್ತು ಸಾವಿರ. ಒಂದು ಚದರ ಕಿಲೋಮೀಟರಿಗೆ ಆರು ಜನ! ಉಳಿದದ್ದೆಲ್ಲ ಬಂಡೆ, ಹಿಮ, ಹುಲ್ಲುಗಾವಲು. ಪ್ರಪಂಚದ ಅತ್ಯುನ್ನತ ಶಿಖರ ಹೀಗೆ ಒಂದು ಗ್ರಾಮಪಾಲಿಕೆಯ ಎಲ್ಲೆಯೊಳಗಿದೆ.

ಭೂಪಟವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಸೀಮೆಯ ಬೆನ್ನೆಲುಬು ದೂಧ್‌ಕೋಸಿ ನದಿ. ಹಿಮದ ಹುಡಿಯಿಂದ ಹಾಲಿನಂತೆ ಕಾಣುವುದರಿಂದ ಆ ಹೆಸರು. ಮೇಲ್ಗಡೆ ಅದಕ್ಕೆ ಮೂರು ಕವಲುಗಳು. ಪಶ್ಚಿಮದಲ್ಲಿ ಟಿಬೆಟಿನ ಕಡೆಯಿಂದ ಇಳಿಯುವ ಭೋಟೆಕೋಸಿ, ಅದರ ದಂಡೆಯಲ್ಲಿ ಥಾಮೆ ಎಂಬ ಹಳ್ಳಿ. ನಡುವೆ ಗೋಕ್ಯೋ ಸರೋವರಗಳ ಕಡೆಯಿಂದ ಬರುವ ದೂಧ್‌ಕೋಸಿಯೇ. ಪೂರ್ವದಲ್ಲಿ ಎವರೆಸ್ಟ್, ಲ್ಹೋತ್ಸೆಗಳ ನೀರನ್ನು ತರುವ ಇಮ್ಜಾ. ಮೂರೂ ಕೂಡಿ ಕೆಳಗಿಳಿದು, ಕಡೆಗೆ ಕೋಸಿಯಾಗಿ ಬಿಹಾರದಲ್ಲಿ ಗಂಗೆಯನ್ನು ಸೇರುತ್ತವೆ. ಕವಲುಗಳ ಮೇಲಿನ ಸೀಮೆಯೇ ಖುಂಬು. ಕೆಳಗಿನ ತಗ್ಗು ಸೀಮೆ ಫರಕ್. ನಡುವೆ 5,761 ಮೀಟರಿನ ಖುಂಬಿಲಾ ಎಂಬ ಬೆಟ್ಟ. ಎವರೆಸ್ಟಿನ ಎದುರು ಅದು ಗಿಡ್ಡ. ಆದರೆ ಊರವರಿಗೆ ಅದೇ ಕ್ಷೇತ್ರಪಾಲ ದೇವತೆ. ಅದನ್ನು ಹತ್ತಲು ಯಾರನ್ನೂ ಬಿಡುವುದಿಲ್ಲ. ಅತಿ ಎತ್ತರದ್ದು ಪ್ರಪಂಚಕ್ಕೆ ಮುಖ್ಯವಾದರೆ, ತಮ್ಮನ್ನು ಕಾಯುವುದು ಊರಿಗೆ ಮುಖ್ಯ.

ಪೂರ್ವದಿಂದ ಬಂದವರು

ಶೆರ್ಪಾ ಎಂದರೆ ಹೊರೆ ಹೊರುವವನೆಂದೇ ನಮ್ಮಲ್ಲಿ ಅನೇಕರ ಭಾವನೆ. ಅದು ವೃತ್ತಿಯ ಹೆಸರಲ್ಲ, ಜನಾಂಗದ ಹೆಸರು. ‘ಶರ್’ ಎಂದರೆ ಪೂರ್ವ, ‘ಪಾ’ ಎಂದರೆ ಜನ. ಸುಮಾರು ಐದು ನೂರು ವರ್ಷಗಳ ಹಿಂದೆ ಪೂರ್ವ ಟಿಬೆಟಿನ ಖಾಮ್ ಪ್ರದೇಶದಿಂದ ಹೊರಟು, 5,700 ಮೀಟರಿಗೂ ಎತ್ತರದ ನಾಂಗ್ಪಾ ಲಾ ಎಂಬ ಕಣಿವೆದಾರಿಯನ್ನು ದಾಟಿ ಬಂದವರು ಇವರು. ಇಂದು ಆ ಪಾಲಿಕೆಯಲ್ಲಿ ರಾಯಿ, ತಮಾಂಗ್, ಮಗರ್ ಜನರೂ ದಲಿತ ಕಸುಬುದಾರರೂ ಇದ್ದಾರೆ. ಕೆಳಗಿನಿಂದ ಬುಟ್ಟಿಯಲ್ಲಿ ಅಕ್ಕಿ, ಸೀಮೆಎಣ್ಣೆ ಹೊತ್ತು ತರುವವರಲ್ಲಿ ಬಹುಪಾಲು ಇವರೇ. ಶೆರ್ಪಾಗಳ ಹೆಸರಿನ ಹಿಂದೆ ಇವರ ಹೆಸರು ಮರೆಯಾಗಿದೆ.

ಶೆರ್ಪಾಗಳಲ್ಲಿ ಹುಟ್ಟಿದ ವಾರದ ಹೆಸರನ್ನೇ ಮಗುವಿಗಿಡುವ ವಾಡಿಕೆ. ನಿಮಾ ಎಂದರೆ ಭಾನುವಾರ, ದಾವಾ ಸೋಮವಾರ, ಮಿಂಗ್ಮಾ ಮಂಗಳವಾರ, ಲಾಕ್ಪಾ ಬುಧವಾರ, ಫುರ್ಬಾ ಗುರುವಾರ, ಪಾಸಂಗ್ ಶುಕ್ರವಾರ, ಪೆಂಬಾ ಶನಿವಾರ. ನಾನು ಖುಮ್‌ಜುಂಗಿನಲ್ಲಿ ಭೇಟಿಯಾದ ಒಬ್ಬ ಮಾಸ್ತರರು ಹಿಂದಿಯಲ್ಲಿ ನಗುತ್ತ, “ನಮ್ಮ ಹಾಜರಿ ಪುಸ್ತಕ ಪಂಚಾಂಗ ಇದ್ದ ಹಾಗೆ ಸರ್. ಒಂದೇ ತರಗತಿಯಲ್ಲಿ ಮೂರು ಶುಕ್ರವಾರ” ಎಂದರು. ನನ್ನ ಹಾಜರಿ ಪುಸ್ತಕದ ನಾಲ್ವರು ಮಂಜುನಾಥರು ನೆನಪಾದರು.

ಉಪ್ಪು ಮತ್ತು ಆಲೂಗಡ್ಡೆ

ಪರ್ವತಾರೋಹಣ ಬರುವುದಕ್ಕೆ ಮುಂಚೆ ಇವರು ಬದುಕಿದ್ದು ಉಪ್ಪಿನಿಂದ. ಟಿಬೆಟಿನ ಉಪ್ಪನ್ನೂ ಉಣ್ಣೆಯನ್ನೂ ಯಾಕ್‌ಗಳ ಮೇಲೆ ಹೇರಿಕೊಂಡು ನಾಂಗ್ಪಾ ಲಾ ದಾಟಿಸಿ ನಾಮ್ಚೆಗೆ ತರುವುದು, ಕೆಳನಾಡಿನ ಧಾನ್ಯಕ್ಕೆ ಬದಲಾಯಿಸುವುದು, ಧಾನ್ಯವನ್ನು ಮತ್ತೆ ಮೇಲೊಯ್ಯುವುದು: ಇದೇ ಶತಮಾನಗಳ ವ್ಯಾಪಾರ. ಕರಾವಳಿಯ ಉಪ್ಪು ಹೇರೆತ್ತುಗಳ ಮೇಲೆ ಘಟ್ಟ ಹತ್ತಿ ಬರುತ್ತಿದ್ದ ಕಥೆಯನ್ನು ನನ್ನ ಅಜ್ಜ ಹೇಳುತ್ತಿದ್ದರು. ನಮ್ಮಲ್ಲಿ ಉಪ್ಪು ಕೆಳಗಿನಿಂದ ಮೇಲಕ್ಕೆ ಹತ್ತಿದರೆ, ಅಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು.

ಅನ್ನದ ಕಥೆಯೂ ಸ್ವಾರಸ್ಯವಾಗಿದೆ. ಮೊದಲು ಜವೆಗೋಧಿ, ಫಾಪರ್ ಎಂಬ ಕಿರುಧಾನ್ಯ, ಟರ್ನಿಪ್ ಗೆಡ್ಡೆ ಇಷ್ಟೇ ಬೆಳೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆಲೂಗಡ್ಡೆ ಬಂತು. ಚಳಿಯ ನೆಲದಲ್ಲಿ ಚೆನ್ನಾಗಿ ಬೆಳೆಯಿತು. ಇಂದಿಗೂ ಮನೆಯ ಪಕ್ಕದಲ್ಲಿ ಗುಂಡಿ ತೋಡಿ ಚಳಿಗಾಲಕ್ಕೆ ಆಲೂಗಡ್ಡೆ ಹೂತಿಡುತ್ತಾರೆ. ತುರಿದ ಆಲೂಗಡ್ಡೆಯನ್ನು ಹಿಟ್ಟಿನೊಡನೆ ಕಲಸಿ ಕಾವಲಿಯ ಮೇಲೆ ಹರಡುವ ‘ರಿಕಿ ಕುರ್’ ಎಂಬ ದಪ್ಪ ರೊಟ್ಟಿಯನ್ನು ನಾನೂ ಬೆಣ್ಣೆಯೊಡನೆ ತಿಂದೆ. ಮಾನವಶಾಸ್ತ್ರಜ್ಞ ಫ್ಯೂರರ್ ಹೈಮೆನ್‌ಡಾರ್ಫ್ (ನಮ್ಮ ನೆರೆಯ ಹೈದರಾಬಾದ್ ಸಂಸ್ಥಾನದ ಗೊಂಡರನ್ನು ಕುರಿತು ಬರೆದವರೂ ಇವರೇ) 1964ರ ತಮ್ಮ ಗ್ರಂಥದಲ್ಲಿ, ಆಲೂಗಡ್ಡೆಯಿಂದಲೇ ಖುಂಬುವಿನಲ್ಲಿ ಜನಸಂಖ್ಯೆ ಹೆಚ್ಚಿತು, ಮಿಕ್ಕ ಸಂಪತ್ತಿನಿಂದ ಬೌದ್ಧ ವಿಹಾರಗಳು ಎದ್ದವು ಎಂದು ವಾದಿಸಿದರು. ವ್ಯಾಪಾರದ ಲಾಭ, ಡಾರ್ಜಿಲಿಂಗಿನ ಕೂಲಿಯ ಹಣ ಇವುಗಳಿಗೂ ಅಷ್ಟೇ ಪಾಲಿದೆ ಎನ್ನುವ ವಿದ್ವಾಂಸರಿದ್ದಾರೆ. ಪ್ರಸಿದ್ಧವಾದ ತೆಂಗ್‌ಬೋಚೆ ವಿಹಾರ ಕಟ್ಟಿದ್ದು 1916ರಲ್ಲಿ ಮಾತ್ರ. 1934ರ ಭೂಕಂಪದಲ್ಲಿ ಬಿತ್ತು, ಮತ್ತೆ ಕಟ್ಟಿದರು. 1989ರಲ್ಲಿ ವಿದ್ಯುತ್ತಿನ ಬೆಂಕಿಗೆ ಸುಟ್ಟಿತು, ಮತ್ತೆ ಕಟ್ಟಿದರು. ಬಿದ್ದದ್ದನ್ನು ಮತ್ತೆ ಕಟ್ಟುವುದು ಆ ಜನರ ಚರಿತ್ರೆಯುದ್ದಕ್ಕೂ ಕಾಣುವ ಗುಣ.

ಪಾಲಿಕೆಗೆ ಮುಂಚೆ ಆಡಳಿತ ಹೇಗಿತ್ತು? ಪ್ರತಿ ಊರಿನಲ್ಲಿ ‘ನಾವಾ’ ಎಂಬ ಪಾಲಕರನ್ನು ಸರದಿಯಂತೆ ಆರಿಸುತ್ತಿದ್ದರು. ಪೈರು ಬಂದಾಗ ದನ, ಯಾಕ್‌ಗಳನ್ನು ಮೇಲಿನ ಹುಲ್ಲುಗಾವಲಿಗೆ ಎಂದು ಅಟ್ಟಬೇಕು, ಎಂದು ಇಳಿಸಬೇಕು ಎಂದು ನಿರ್ಧರಿಸುವವರು ಅವರೇ. ಕಾಡು ಕಾಯಲು ಬೇರೆ ನಾವಾ; ಹಸಿಮರ ಕಡಿದವನಿಗೆ ದಂಡ. 1957ರಲ್ಲಿ ನೇಪಾಳ ಸರ್ಕಾರ ಕಾಡುಗಳನ್ನು ರಾಷ್ಟ್ರೀಕರಿಸಿದ ಮೇಲೆ ಈ ಕಟ್ಟಳೆ ಸಡಿಲವಾಯಿತು. 1976ರಲ್ಲಿ ಸಗರಮಾಥಾ ರಾಷ್ಟ್ರೀಯ ಉದ್ಯಾನ ಬಂತು, 1979ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ತಾವು ಕಾಯ್ದ ಕಾಡಿಗೆ ತಾವೇ ಹೊರಗಿನವರಾಗುವ ಭಯ ಜನರಿಗಿತ್ತು. ಮಲೆನಾಡಿನವರಾದ ನಮಗೆ ಆ ಭಯವನ್ನು ವಿವರಿಸಬೇಕಿಲ್ಲ.

ಬಾಗಿಲು ಮುಚ್ಚಿತು, ಬಾಗಿಲು ತೆರೆಯಿತು

1959ರ ನಂತರ ಟಿಬೆಟಿನ ಗಡಿ ಬಿಗಿಯಾಯಿತು. ಉಪ್ಪಿನ ವ್ಯಾಪಾರ ಕುಸಿಯಿತು. ಸರಿಯಾಗಿ ಅದೇ ಹೊತ್ತಿಗೆ ದಕ್ಷಿಣದ ಬಾಗಿಲು ತೆರೆದಿತ್ತು. ಪಾಶ್ಚಾತ್ಯರು ಖುಂಬು ಕಣಿವೆಯನ್ನು ಕಣ್ಣಾರೆ ಕಂಡದ್ದೇ 1950ರಲ್ಲಿ. ಅದಕ್ಕೂ ಮೊದಲೇ ಕೂಲಿ ಅರಸಿ ಡಾರ್ಜಿಲಿಂಗಿಗೆ ಹೋದ ಶೆರ್ಪಾಗಳು ಬ್ರಿಟಿಷರ ತಂಡಗಳಲ್ಲಿ ದುಡಿಯುತ್ತಿದ್ದರು. 1922ರ ಎವರೆಸ್ಟ್ ಯಾತ್ರೆಯ ಹಿಮಪಾತದಲ್ಲಿ ಸತ್ತ ಏಳು ಮಂದಿಯೂ ಹೊರೆಯಾಳುಗಳೇ. ಥಾಮೆಯಲ್ಲಿ ಬೆಳೆದ ತೇನ್‌ಸಿಂಗ್ ನೋರ್ಗೆಯೂ ಹಾಗೆಯೇ ಡಾರ್ಜಿಲಿಂಗಿಗೆ ಹೋದವನು.

1953ರ ವಿಜಯದ ಬಳಿಕ ಹಿಲರಿ ಆ ಊರುಗಳಿಗೆ ಮರಳಿದನು. ಜನ ಏನು ಬೇಕೆಂದು ಕೇಳಿದರು ಗೊತ್ತೇ? ಶಾಲೆ. 1961ರಲ್ಲಿ ಖುಮ್‌ಜುಂಗಿನಲ್ಲಿ, 3,800 ಮೀಟರಿನ ಆಸುಪಾಸಿನಲ್ಲಿ, ಅಲ್ಯೂಮಿನಿಯಂ ತಗಡಿನ ಒಂದು ಶಾಲಾ ಕಟ್ಟಡ ಎದ್ದಿತು. ಕೆಲವೇ ವರ್ಷಗಳಲ್ಲಿ ಥಾಮೆ ಮುಂತಾದ ಊರುಗಳಲ್ಲಿಯೂ ಶಾಲೆಗಳಾದವು. 1964ರಲ್ಲಿ ಲುಕ್ಲಾದ ವಿಮಾನಪಟ್ಟಿ, 1966ರಲ್ಲಿ ಖುಂಡೆಯ ಆಸ್ಪತ್ರೆ. ವಿಮಾನಪಟ್ಟಿಯನ್ನು ಮಾಡಿದ್ದು ಆಸ್ಪತ್ರೆ, ಶಾಲೆಗಳ ಸಾಮಗ್ರಿ ತರಲೆಂದು. ಆದರೆ ಅದರ ಹಿಂದೆಯೇ ಪ್ರವಾಸಿಗರ ಪ್ರವಾಹ ಬಂತು. ಉಪ್ಪಿನ ಊರಾಗಿದ್ದ ನಾಮ್ಚೆ ವಸತಿಗೃಹಗಳ ಊರಾಯಿತು.

ಖುಮ್‌ಜುಂಗಿನ ಶಾಲೆಯ ಅಂಗಳದಲ್ಲಿ ನಿಂತಾಗ ನಾನು ನೋಡಿದ್ದು ಹಿಲರಿಯ ಪ್ರತಿಮೆಯನ್ನಲ್ಲ, ಪುಸ್ತಕದ ಚೀಲ ಹೊತ್ತು ಓಡುತ್ತಿದ್ದ ಮಕ್ಕಳನ್ನು. ಆ ಶಾಲೆಯ ಮೊದಲ ಮಕ್ಕಳಲ್ಲೊಬ್ಬನಾದ ಮಿಂಗ್ಮಾ ನೋರ್ಬು ಶೆರ್ಪಾ ನ್ಯೂಜಿಲೆಂಡಿನಲ್ಲಿ ಓದಿ ಬಂದು ಸಗರಮಾಥಾ ಉದ್ಯಾನದ ಮೊದಲ ಶೆರ್ಪಾ ಮುಖ್ಯಾಧಿಕಾರಿಯಾದನು. ಕಾಡಿನಿಂದ ಹೊರಗಾಗುವೆವೆಂದು ಹೆದರಿದ್ದ ಜನರ ಮಗನೇ ಕಾಡಿನ ಪಾಲಕನಾಗಿ ಕುಳಿತನು. ಸಂರಕ್ಷಣೆಯ ಕೆಲಸದಲ್ಲಿಯೇ 2006ರ ಹೆಲಿಕಾಪ್ಟರ್ ದುರಂತದಲ್ಲಿ ಮಡಿದನು. ಶಾಲೆ ಎಂದರೆ ಏನು ಎಂದು ಕೇಳುವವರಿಗೆ ನಾನು ಈ ಒಂದು ಬದುಕನ್ನು ತೋರಿಸುತ್ತೇನೆ.

ಆ ಶಾಲೆ ಹುಟ್ಟಿದ 1961ರಲ್ಲಿಯೇ ಲುಕ್ಲಾದ ಬಳಿ ಹುಟ್ಟಿದವಳು ಪಾಸಂಗ್ ಲ್ಹಾಮು ಶೆರ್ಪಾ. ಜಪಾನಿನ ಜುಂಕೋ ತಾಬೆಯಿ 1975ರಲ್ಲಿ, ನಮ್ಮ ಬಚೇಂದ್ರಿ ಪಾಲ್ 1984ರಲ್ಲಿ ಎವರೆಸ್ಟ್ ಏರಿದ್ದರು. ಆ ಮಣ್ಣಿನ ಹೆಣ್ಣುಮಗಳೊಬ್ಬಳು ಇನ್ನೂ ಏರಿರಲಿಲ್ಲ. 1993ರ ಏಪ್ರಿಲ್ 22ರಂದು ಪಾಸಂಗ್ ಲ್ಹಾಮು ಏರಿದಳು. ಇಳಿಯುವಾಗ ಹವಾಮಾನ ಕೆಟ್ಟು ಮಡಿದಳು. ಇಂದು ಪಾಲಿಕೆ ಹೊತ್ತಿರುವುದು ಅವಳ ಹೆಸರನ್ನು. ಎತ್ತರದ ಶಿಖರಕ್ಕೆ ಅದನ್ನು ಕಾಣದ ಆಂಗ್ಲನ ಹೆಸರು. ಬುಡದ ನೆಲಕ್ಕೆ ಅಲ್ಲಿ ಹುಟ್ಟಿದ ಹೆಣ್ಣಿನ ಹೆಸರು. ಇತಿಹಾಸ ಹೀಗೆ ನಿಧಾನವಾಗಿ ತನ್ನನ್ನು ತಿದ್ದಿಕೊಳ್ಳುತ್ತದೆ.

ಥಾಮೆ

ಇನ್ನು ಥಾಮೆಯ ಮಾತು. ಪುಟ್ಟ ಹಳ್ಳಿ. ತೇನ್‌ಸಿಂಗ್ ಬೆಳೆದ ಊರು. 2025ರ ಮೇ ತಿಂಗಳಲ್ಲಿ 31ನೆಯ ಬಾರಿ ಎವರೆಸ್ಟ್ ಏರಿ ದಾಖಲೆ ಮಾಡಿದ ಕಾಮಿ ರೀಟಾ ಶೆರ್ಪಾನ ಊರು. 2011ರ ಹೊತ್ತಿಗೆ 21 ಬಾರಿ ಏರಿದ್ದ ಅಪಾ ಶೆರ್ಪಾನ ಊರೂ ಅದೇ. ಅಪಾ ತಂದೆ ತೀರಿದ ಮೇಲೆ ಹನ್ನೆರಡರ ಎಳೆವಯಸ್ಸಿನಲ್ಲಿ ಶಾಲೆ ಬಿಟ್ಟು ಹೊರೆ ಹೊತ್ತವನು. ಮುಂದೆ ಹೆಸರು ಮಾಡಿದ ಮೇಲೆ, ತನ್ನ ಮಕ್ಕಳಾದರೂ ಓದಲೆಂದು 2006ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದನು. ಥಾಮೆಯ ಶಾಲೆಗೂ ನೆರವಾದನು. ಪ್ರಪಂಚ ಅವನನ್ನು ಹೊಗಳಿದ್ದು ಹತ್ತಿದ್ದಕ್ಕೆ; ಅವನು ಹತ್ತಿದ್ದು ಮಕ್ಕಳು ಹತ್ತಬೇಕಾಗದಿರಲೆಂದು.

1985ರ ಆಗಸ್ಟ್ 4ರಂದು ಥಾಮೆಯ ಮೇಲಿನ ದಿಗ್ ತ್ಸೋ ಎಂಬ ಹಿಮಸರೋವರದ ಕಟ್ಟೆಯೊಡೆಯಿತು. ಮೇಲಿಂದ ಕುಸಿದ ಹಿಮರಾಶಿ ಕೆರೆಗೆ ಬಿದ್ದು, ಎದ್ದ ಅಲೆಗಳು ಕಲ್ಲುಮಣ್ಣಿನ ಸಹಜ ದಂಡೆಯನ್ನು ಕೊರೆದವು. ಮುಗಿಯುವ ಹಂತದಲ್ಲಿದ್ದ ಜಲವಿದ್ಯುತ್ ಸ್ಥಾವರ, ಹದಿನಾಲ್ಕು ಸೇತುವೆಗಳು, ಹಲವು ಮನೆಗಳು ಕೊಚ್ಚಿಹೋದವು, ಪ್ರಾಣಹಾನಿಯೂ ಆಯಿತು. ಇಸವಿಯನ್ನು ಗಮನಿಸಿ. ನಾನು ತರಗತಿಯಲ್ಲಿ “ಅಲ್ಲಿ ಯಾರೂ ಇಲ್ಲ, ಬರೀ ಹಿಮ” ಎಂದದ್ದು ಅದರ ಮರುವರ್ಷ. ಯಾರೂ ಇಲ್ಲವೆಂದು ನಾನು ಹೇಳಿದ ಊರಿನವರು ಆಗ ಕೊಚ್ಚಿಹೋದ ಸೇತುವೆಗಳನ್ನೂ ಹೊಲಗಳನ್ನೂ ಕಟ್ಟಿಕೊಳ್ಳುತ್ತಿದ್ದರು. ಈ ವಿಷಯ ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಿಮನದಿಗಳು ಕರಗಿ ಹಿಂದೆ ಸರಿದಂತೆಲ್ಲ ಇಂಥ ಕೆರೆಗಳು ಹುಟ್ಟುತ್ತವೆ, ಹಿಗ್ಗುತ್ತವೆ. ಪೂರ್ವದ ಇಮ್ಜಾ ಸರೋವರದ ನೀರಿನ ಮಟ್ಟವನ್ನು 2016ರಲ್ಲಿ ಕಾಲುವೆ ತೋಡಿ ಮೂರು ಮೀಟರಿಗೂ ಹೆಚ್ಚು ತಗ್ಗಿಸಿದರು. ಆದರೆ ಅಪಾಯ ದೊಡ್ಡ ಕೆರೆಗಳಿಂದಲೇ ಬರಬೇಕೆಂದಿಲ್ಲ. 2024ರ ಆಗಸ್ಟ್ 16, ಶುಕ್ರವಾರ, ಹಾಡುಹಗಲಿನಲ್ಲಿ, ಯಾರೂ ಅಷ್ಟಾಗಿ ಲಕ್ಷಿಸದಿದ್ದ ಥ್ಯಾಂಬೋ ಕಡೆಯ ಚಿಕ್ಕ ಕೆರೆಗಳ ನೀರು ಥಾಮೆಯ ಮೇಲೆ ನುಗ್ಗಿತು. ಹಗಲಾದ್ದರಿಂದ ಜನ ಓಡಿ ಉಳಿದರು. ಒಂದು ಜೀವವೂ ಹೋಗಲಿಲ್ಲ. ಮನೆಗಳು ಹೋದವು, ಆರೋಗ್ಯ ಕೇಂದ್ರ ಹೋಯಿತು. ಶಾಲೆ ಹೋಯಿತು.

ನಲವತ್ತು ವರ್ಷ ಶಾಲೆಯ ಗೋಡೆಗಳ ನಡುವೆ ಇದ್ದವನಿಗೆ ಆ ಚಿತ್ರ ನೋಡುವುದು ಸುಲಭವಲ್ಲ. ಕಪ್ಪು ಹಲಗೆ, ಹಾಜರಿ ಪುಸ್ತಕ, ಮೂರು ಶುಕ್ರವಾರಗಳ ಹೆಸರು ಎಲ್ಲವೂ ಹಾಲುಬಣ್ಣದ ನೀರಿನಲ್ಲಿ. ಆ ಕರಗುವಿಕೆಗೆ ಥಾಮೆಯವರು ಮಾಡಿದ ಪಾಲು ಏನು? ಅವರ ಊರಿಗೆ ಇಂದಿಗೂ ನಡೆದೇ ಹೋಗಬೇಕು. ಮೋಟಾರು ರಸ್ತೆಯೇ ಇಲ್ಲ. ಹೊಗೆಯೆಬ್ಬಿಸಿದವರು ಬಯಲಿನಲ್ಲಿರುವ ನಾವು.

ನೇಪಾಳದ ಸಂವಿಧಾನದಂತೆ ಶಾಲಾ ಶಿಕ್ಷಣ ಈಗ ಸ್ಥಳೀಯ ಪಾಲಿಕೆಗಳ ಹೊಣೆ. ಒಂಬತ್ತು ಸಾವಿರ ಜನರ ಆ ಪುಟ್ಟ ಸರ್ಕಾರದ ಹೆಗಲ ಮೇಲೆ ಎವರೆಸ್ಟಿಗಿಂತ ಭಾರವಾದ ಪ್ರಶ್ನೆಯಿದೆ: ಅದೇ ದಂಡೆಯಲ್ಲಿ ಕಟ್ಟುವುದೇ, ಊರನ್ನೇ ಸರಿಸುವುದೇ? ತೆಂಗ್‌ಬೋಚೆಯನ್ನು ಎರಡು ಸಲ ಕಟ್ಟಿದವರಿಗೆ ಕಟ್ಟುವುದು ಗೊತ್ತು. ಎಲ್ಲಿ ಎಂಬುದೇ ಈಗಿನ ಪ್ರಶ್ನೆ.

ನೀವು ಯಾರಾದರೂ ಇಂದು ಮಕ್ಕಳಿಗೆ ಭೂಗೋಳ ಹೇಳುವವರಾಗಿದ್ದರೆ ಎತ್ತರವನ್ನೂ ಹೇಳಿ. 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಕೂಡಿ ಪ್ರಕಟಿಸಿದಂತೆ ಅದು 8,848.86 ಮೀಟರ್. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಪ್ರತಿ ಬೆಟ್ಟದ ಪಾಠದಲ್ಲಿಯೂ ಬುಡದಲ್ಲಿ ಯಾರಿದ್ದಾರೆ ಎಂದು ಮಕ್ಕಳು ಕೇಳುವ ಮುನ್ನವೇ ಹೇಳಿ.

ಮೂರನೆಯ ಬೆಂಚಿನ ತಾಯಿ, ನೀನು ಇದನ್ನು ಓದುತ್ತಿದ್ದರೆ ನಿನ್ನ ಮೇಷ್ಟ್ರ ಉತ್ತರವನ್ನು ತಿದ್ದಿಕೊ. ಅಲ್ಲಿ ಜನ ಇದ್ದಾರೆ. ಆಲೂಗಡ್ಡೆ ಬೆಳೆಯುತ್ತಾರೆ, ಮಕ್ಕಳಿಗೆ ವಾರದ ಹೆಸರಿಡುತ್ತಾರೆ, ಶಾಲೆ ಬೇಕೆಂದು ಕೇಳುತ್ತಾರೆ. ಅಂದು ನಿನ್ನನ್ನು ಕೂರಿಸಿದ್ದಕ್ಕೆ ಕ್ಷಮೆಯಿರಲಿ.